ಲಸಿಕೆಯಿಂದಲೇ ಬದಲಾಯ್ತಾ ನಾಯಿಕೆಮ್ಮಿನ ರೋಗಾಣು? ಹಾಗಾದ್ರೆ ಚುಚ್ಚುಮದ್ದು ಬೇಡ್ವಾ?

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ಇವತ್ತಿನ ಸಂಚಿಕೆ ಹುಟ್ಟಿದ್ದು ನಮ್ಮ ಮನೆಯ ವಾಟ್ಸಾಪ್ ಗ್ರೂಪ್‌ನಲ್ಲಿ. ಹೋದ ತಿಂಗಳು ನಮ್ಮ ಚಿಕ್ಕಪ್ಪ ಒಂದು ಫಾರ್ವರ್ಡ್ ಹಾಕಿದ್ರು. ಅದರ ಸಾರಾಂಶ ಇಷ್ಟೇ: ಲಸಿಕೆ ಹಾಕಿ ಹಾಕಿ ನಾಯಿಕೆಮ್ಮಿನ ಬ್ಯಾಕ್ಟೀರಿಯಾನೇ ಬದಲಾಗಿಬಿಟ್ಟಿದೆ, ವಿಜ್ಞಾನಿಗಳೇ ಒಪ್ಪಿಕೊಂಡಿದ್ದಾರೆ, ಇನ್ನು ಮಕ್ಕಳಿಗೆ ಯಾಕೆ ಸುಮ್ಮನೆ ಚುಚ್ಚಿಸ್ತೀರಿ?

ಇಂಥ ಮೆಸೇಜ್ ನೋಡಿದ್ರೆ ನಾನು ಸಾಮಾನ್ಯವಾಗಿ ಸುಮ್ಮನಿದ್ದುಬಿಡ್ತೀನಿ. ಆದ್ರೆ ಅದೇ ಗ್ರೂಪ್‌ನಲ್ಲಿ ನಮ್ಮಕ್ಕ ಇದ್ದಾಳೆ. ಅವಳ ಮಗುವಿಗೆ ಆಗ ಐದು ವಾರ. ಮುಂದಿನ ಗುರುವಾರ ಆರು ವಾರದ ಚುಚ್ಚುಮದ್ದು ಹಾಕಿಸಬೇಕಿತ್ತು. ರಾತ್ರಿ ಹನ್ನೊಂದು ಗಂಟೆಗೆ ನನಗೆ ಬೇರೆಯಾಗಿ ಮೆಸೇಜ್ ಮಾಡಿದ್ಲು: "ಇದು ನಿಜಾನೇನೋ? ಹಾಕಿಸ್ಲಾ, ಬೇಡ್ವಾ?"

"ಸುಳ್ಳು ಕಣೇ" ಅಂತ ಒಂದೇ ಸಾಲಲ್ಲಿ ಮುಗಿಸೋಣ ಅಂದುಕೊಂಡೆ. ಆದ್ರೆ ಕೂತು ಓದ್ತಾ ಹೋದ ಹಾಗೆ ಗೊತ್ತಾಯ್ತು, ಆ ಫಾರ್ವರ್ಡ್‌ನ ಮೊದಲರ್ಧ ಸುಳ್ಳಲ್ಲ. ಬ್ಯಾಕ್ಟೀರಿಯಾ ಬದಲಾಗಿರೋದು ನಿಜ. ಅದರಲ್ಲಿ ಲಸಿಕೆಯ ಪಾತ್ರ ಇರೋದೂ ನಿಜ. ತಪ್ಪಿರೋದು ಅದರ ಕೊನೆಯ ಸಾಲಲ್ಲಿ. ಪೂರ್ತಿ ಸುಳ್ಳಿಗೆ ಉತ್ತರ ಕೊಡೋದು ಸುಲಭ, ಅರ್ಧ ನಿಜಕ್ಕೆ ಉತ್ತರ ಕೊಡೋದು ಕಷ್ಟ. ಇವತ್ತು ಆ ಕಷ್ಟದ ಕೆಲಸ ಮಾಡೋಣ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ: ನಾನು ಡಾಕ್ಟರ್ ಅಲ್ಲ, ಬಿಕಾಂ ಓದಿದವನು. ಹಾಗಾಗಿ ನಿಧಾನವಾಗಿ, ಒಂದೊಂದೇ ಹೆಜ್ಜೆ ಇಡ್ತಾ ಹೋಗ್ತೀನಿ.

ಮೊದಲು ಕಾಯಿಲೆ ಬಗ್ಗೆ. ನಾಯಿಕೆಮ್ಮಿಗೆ ಇಂಗ್ಲಿಷ್‌ನಲ್ಲಿ ಹೂಪಿಂಗ್ ಕಾಫ್ ಅಂತಾರೆ. ಒಂದೆರಡು ವಾರ ಮಾಮೂಲಿ ನೆಗಡಿ ಥರಾನೇ ಇರುತ್ತೆ. ಬೇರೆಯವರಿಗೆ ಹೆಚ್ಚಾಗಿ ಹರಡೋದು ಇದೇ ಹೊತ್ತಿನಲ್ಲಿ. ಆಮೇಲೆ ಕೆಮ್ಮು ಶುರುವಾದ್ರೆ ನಿಲ್ಲೋದೇ ಇಲ್ಲ. ಕೆಮ್ಮಿ ಕೆಮ್ಮಿ ಎದೆಯಲ್ಲಿರೋ ಗಾಳಿಯೆಲ್ಲ ಖಾಲಿಯಾಗಿ, ಕೊನೆಗೆ ಜೋರಾಗಿ ಉಸಿರು ಎಳೆದುಕೊಳ್ಳುವಾಗ 'ಹೂಪ್' ಅಂತ ಸದ್ದು ಬರುತ್ತೆ. ದೊಡ್ಡವರಲ್ಲಿ ಇದು ವಾರಗಟ್ಟಲೆ ಕಾಡೋ ಕೆಮ್ಮಾಗಿ ಮುಗಿಯಬಹುದು. ಆದ್ರೆ ಎರಡು ಮೂರು ತಿಂಗಳ ಕೂಸಿಗೆ ಬಂದ್ರೆ ಕಥೆ ಬೇರೆ. ಎಷ್ಟೋ ಸಲ ಆ ಕೂಸಿಗೆ ಕೆಮ್ಮೋಕೂ ಶಕ್ತಿ ಇರಲ್ಲ. ಉಸಿರಾಟ ನಡುವೆ ನಡುವೆ ನಿಂತುಹೋಗುತ್ತೆ, ಮುಖ ನೀಲಿಗಟ್ಟುತ್ತೆ. ಈ ಕಾಯಿಲೆಯಿಂದ ಸಾಯೋರಲ್ಲಿ ಹೆಚ್ಚಿನವರು ಇಂಥ ಎಳೆಗೂಸುಗಳೇ.

ಇದಕ್ಕೆ ಕಾರಣವಾದ ಬ್ಯಾಕ್ಟೀರಿಯಾ ಹೆಸರು ಬೋರ್ಡೆಟೆಲ್ಲಾ ಪರ್ಟುಸಿಸ್. 1906ರಲ್ಲಿ ಜೂಲ್ಸ್ ಬೋರ್ಡೆ ಮತ್ತು ಆಕ್ಟೇವ್ ಜೆಂಗೂ ಅನ್ನೋ ಬೆಲ್ಜಿಯಂನ ಇಬ್ಬರು ವಿಜ್ಞಾನಿಗಳು ಇದನ್ನು ಬೇರ್ಪಡಿಸಿದರು. ಇದಕ್ಕೆ ಮನುಷ್ಯನ ಗಂಟಲು, ಶ್ವಾಸನಾಳ ಬಿಟ್ಟರೆ ಬೇರೆ ಮನೆ ಇಲ್ಲ. ಪ್ರಾಣಿಗಳಲ್ಲಿ, ನೀರಲ್ಲಿ, ಮಣ್ಣಲ್ಲಿ ಅಡಗಿ ಕೂರಲ್ಲ. ಈ ವಿಷಯ ನೆನಪಿಟ್ಟುಕೊಳ್ಳಿ. ಬದುಕೋಕೆ ನಾವೊಬ್ಬರೇ ಗತಿ ಅನ್ನೋ ಜೀವಿಗೆ, ನಮ್ಮ ದೇಹ ಅದನ್ನು ಗುರುತು ಹಿಡಿಯೋಕೆ ಕಲಿತರೆ ಸೀದಾ ಹೊಟ್ಟೆಗೇ ಹೊಡೆತ ಬಿದ್ದ ಹಾಗೆ.

ನಮ್ಮ ದೇಹಕ್ಕೆ ಆ ಪಾಠ ಕಲಿಸಿದ್ದು ಲಸಿಕೆ. 1930ರ ದಶಕದಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಗ್ರ್ಯಾಂಡ್ ರಾಪಿಡ್ಸ್‌ನಲ್ಲಿ ಪರ್ಲ್ ಕೆಂಡ್ರಿಕ್, ಗ್ರೇಸ್ ಎಲ್ಡರಿಂಗ್ ಅನ್ನೋ ಇಬ್ಬರು ಮಹಿಳೆಯರು ಹಗಲಿಡೀ ಲ್ಯಾಬ್‌ನಲ್ಲಿ ದುಡಿದು, ಸಂಜೆ ಮನೆ ಮನೆಗೆ ಹೋಗಿ ಮಕ್ಕಳ ಕೆಮ್ಮಿನ ಮಾದರಿ ತರುತ್ತಿದ್ದರು. ಅವರು ಸಿದ್ಧಪಡಿಸಿದ ಲಸಿಕೆಯಲ್ಲಿ ಇದ್ದದ್ದು ಸಾಯಿಸಿದ ಇಡೀ ಬ್ಯಾಕ್ಟೀರಿಯಾ. ಅದಕ್ಕೇ ಅದನ್ನು ಹೋಲ್ ಸೆಲ್ ಲಸಿಕೆ ಅಂತಾರೆ. ಲಸಿಕೆಗೆ ಮುಂಚೆ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 2 ಲಕ್ಷ ಮಕ್ಕಳಿಗೆ ಈ ಕಾಯಿಲೆ ಬರುತ್ತಿತ್ತು, ಸುಮಾರು 9,000 ಮಕ್ಕಳು ಸಾಯುತ್ತಿದ್ದರು. 1976ರ ಹೊತ್ತಿಗೆ ಇಡೀ ದೇಶದಲ್ಲಿ ವರ್ಷಕ್ಕೆ ಬರೀ ಸಾವಿರ ಚಿಲ್ಲರೆ ಕೇಸ್.

ಈ ಲಸಿಕೆಗೆ ಒಂದು ಕಿರಿಕಿರಿ ಇತ್ತು, ಈಗಲೂ ಇದೆ. ಚುಚ್ಚಿದ ಜಾಗ ಊದಿಕೊಳ್ಳುತ್ತೆ, ಮಗುವಿಗೆ ಜ್ವರ ಬರುತ್ತೆ, ರಾತ್ರಿಯೆಲ್ಲ ಅಳುತ್ತೆ. ಜಪಾನ್‌ನಲ್ಲಿ 1974-75ರ ಚಳಿಗಾಲದಲ್ಲಿ ಲಸಿಕೆ ಹಾಕಿಸಿಕೊಂಡ ನಂತರ ಎರಡು ಕೂಸುಗಳು ತೀರಿಕೊಂಡಾಗ ಜನ ಹೆದರಿದರು, ಲಸಿಕೆ ಹಾಕಿಸೋರು ಸಿಕ್ಕಾಪಟ್ಟೆ ಕಡಿಮೆಯಾದರು. ನಾಲ್ಕೇ ವರ್ಷದಲ್ಲಿ, ಅಂದ್ರೆ 1979ರಲ್ಲಿ, ಅಲ್ಲಿ 13,000 ಜನರಿಗೆ ನಾಯಿಕೆಮ್ಮು ಬಂತು, 41 ಜನ ಸತ್ತರು. ಈ ಪೆಟ್ಟಿನ ನಂತರ ಜಪಾನಿನ ಯೂಜಿ ಸಾಟೋ ಮತ್ತು ಅವರ ತಂಡ ಹೊಸ ಥರದ ಲಸಿಕೆ ತಯಾರಿಸಿತು. ಇಡೀ ಬ್ಯಾಕ್ಟೀರಿಯಾ ಬದಲು ಅದರ ಕೆಲವೇ ಪ್ರೋಟೀನ್‌ಗಳನ್ನು ಶುದ್ಧಮಾಡಿ ಕೊಡೋದು. ಇದೇ ಎಸೆಲ್ಯುಲರ್ ಲಸಿಕೆ. 1981ರಲ್ಲಿ ಅಲ್ಲಿ ಬಳಕೆಗೆ ಬಂತು. 1990ರ ದಶಕದಲ್ಲಿ ಅಮೆರಿಕ, ಯುರೋಪಿನ ಹಲವು ದೇಶಗಳು, ಆಸ್ಟ್ರೇಲಿಯಾ ಒಂದೊಂದಾಗಿ ಇದಕ್ಕೆ ಬದಲಾದವು. ನಮ್ಮಲ್ಲಿ ಖಾಸಗಿ ಕ್ಲಿನಿಕ್‌ಗಳಲ್ಲಿ 'ನೋವಿಲ್ಲದ ಇಂಜೆಕ್ಷನ್' ಅಂತ ಕೇಳಿರ್ತೀರಲ್ಲ, ಅದು ಇದೇ.

ಎರಡಕ್ಕೂ ವ್ಯತ್ಯಾಸ ಏನು ಗೊತ್ತಾ? ಒಬ್ಬ ಕಳ್ಳನನ್ನು ಹಿಡಿಯಬೇಕು ಅಂದುಕೊಳ್ಳಿ. ಹೋಲ್ ಸೆಲ್ ಲಸಿಕೆ ಪೊಲೀಸರ ಕೈಗೆ ಅವನ ಇಡೀ ಆಲ್ಬಮ್ ಕೊಡುತ್ತೆ: ಮುಖ, ನಡಿಗೆ, ಚಪ್ಪಲಿ, ಅಂಗಿ, ಎಲ್ಲ. ಎಸೆಲ್ಯುಲರ್ ಲಸಿಕೆ ಮೂರೋ ನಾಲ್ಕೋ ಗುರುತು ಮಾತ್ರ ಹೇಳುತ್ತೆ. ಒಂದು, ಅದು ಬಿಡುವ ವಿಷ, ಅಂದ್ರೆ ಪರ್ಟುಸಿಸ್ ಟಾಕ್ಸಿನ್. ಇನ್ನೊಂದು, ಗಂಟಲಿನ ಒಳಗೋಡೆಗೆ ಅಂಟಿಕೊಳ್ಳೋಕೆ ಬೇಕಾದ ಕೆಲವು ಪ್ರೋಟೀನ್‌ಗಳು. ಅವುಗಳಲ್ಲಿ ಒಂದರ ಹೆಸರು ಪರ್ಟ್ಯಾಕ್ಟಿನ್. ಈ ಪರ್ಟ್ಯಾಕ್ಟಿನ್‌ನ ಕಳ್ಳನ ಮೀಸೆ ಅಂತ ಇಟ್ಟುಕೊಳ್ಳಿ. ಪೊಲೀಸರ ಹತ್ತಿರ ಇರೋದು ನಾಲ್ಕೇ ಗುರುತು, ಅದರಲ್ಲಿ ಒಂದು ಮೀಸೆ ಅಂದ್ರೆ, ಮೀಸೆ ಇಲ್ಲದ ಕಳ್ಳನಿಗೆ ಸ್ವಲ್ಪ ಅನುಕೂಲ ಆಗೋದು ಸಹಜ ತಾನೇ?

ಹಾಗೇ ಆಯ್ತು. 2013ರಲ್ಲಿ ಫಿಲಡೆಲ್ಫಿಯಾದಿಂದ ಒಂದು ವರದಿ ಬಂತು. ಅಲ್ಲಿ ಪರೀಕ್ಷಿಸಿದ 12 ಮಾದರಿಗಳಲ್ಲಿ 11ರಲ್ಲಿ ಪರ್ಟ್ಯಾಕ್ಟಿನ್ ಇರಲೇ ಇಲ್ಲ. ಆಮೇಲೆ ಅಮೆರಿಕದ ಹಲವು ರಾಜ್ಯಗಳಿಂದ 2011ರಿಂದ 2013ರವರೆಗೆ ಸಂಗ್ರಹಿಸಿದ 753 ಮಾದರಿ ನೋಡಿದಾಗ ಶೇಕಡಾ 85ರಲ್ಲಿ ಅದೇ ಕಥೆ. ಆಸ್ಟ್ರೇಲಿಯಾದಲ್ಲಿ 2008ರಲ್ಲಿ ಶೇಕಡಾ 5 ಇದ್ದದ್ದು 2012ಕ್ಕೆ ಶೇಕಡಾ 78.

ಇಲ್ಲಿ ಇನ್ನೊಂದು ವಿಚಿತ್ರ ಇದೆ. ಮೀಸೆ ಇಲ್ಲದ ಒಬ್ಬನೇ ಕಳ್ಳ ಎಲ್ಲ ಕಡೆ ಹಬ್ಬಿದ್ದಲ್ಲ ಇದು. ಪರ್ಟ್ಯಾಕ್ಟಿನ್ ಜೀನ್ ಬೇರೆ ಬೇರೆ ಕಡೆ, ಬೇರೆ ಬೇರೆ ರೀತಿಯಲ್ಲಿ ಕೆಟ್ಟಿದೆ. ಒಂದು ಕಡೆ ಜೀನ್‌ನ ಒಂದು ತುಂಡೇ ಕಳೆದುಹೋಗಿದೆ. ಇನ್ನೊಂದು ಕಡೆ ಒಂದೇ ಅಕ್ಷರ ತಪ್ಪಾಗಿ ಪ್ರೋಟೀನ್ ಅರ್ಧಕ್ಕೇ ನಿಂತಿದೆ. ಮತ್ತೊಂದು ಕಡೆ ಹೊರಗಿನ ತುಣುಕೊಂದು ಮಧ್ಯ ಬಂದು ಕೂತಿದೆ. ಈ ಬ್ಯಾಕ್ಟೀರಿಯಾದ ಜೀನೋಮ್‌ನಲ್ಲಿ ಸುಮಾರು 41 ಲಕ್ಷ ಅಕ್ಷರಗಳಿವೆ. ಅದರೊಳಗೆ ಒಂದು ಕಡೆಯಿಂದ ಇನ್ನೊಂದು ಕಡೆ ಜಿಗಿಯೋ ಒಂದು ತುಣುಕಿನ 200ಕ್ಕೂ ಹೆಚ್ಚು ಪ್ರತಿಗಳಿವೆ. ಅವು ಹೋಗಿ ಕೂತ ಕಡೆ ಜೀನ್ ಕೆಡುತ್ತೆ. ಕೆಡೋ ದಾರಿ ಹತ್ತಾರು, ಆದ್ರೆ ಫಲ ಒಂದೇ. ಇದು ಆಕಸ್ಮಿಕವಾಗಿ ಒಂದು ತಳಿ ಹರಡಿದ್ದಲ್ಲ, ಯಾವುದೋ ಒತ್ತಡ ಇದಕ್ಕೆ ಅನುಕೂಲ ಮಾಡಿಕೊಡ್ತಿದೆ ಅಂತ ವಿಜ್ಞಾನಿಗಳು ಹೇಳೋಕೆ ಇದು ದೊಡ್ಡ ಸಾಕ್ಷಿ. ಲಸಿಕೆ ಹಾಕಿಸಿಕೊಂಡೂ ಕಾಯಿಲೆ ಬಂದವರಲ್ಲಿ, ಹಾಕಿಸಿಕೊಳ್ಳದೇ ಬಂದವರಿಗಿಂತ, ಈ ಪರ್ಟ್ಯಾಕ್ಟಿನ್ ಇಲ್ಲದ ತಳಿ ಸಿಗೋ ಸಾಧ್ಯತೆ ಹೆಚ್ಚು ಅಂತ ಅಮೆರಿಕದ ಅದೇ ಅಧ್ಯಯನ ಹೇಳಿತು.

ಇದು ಅಲ್ಲಿಗೆ ನಿಲ್ಲೋ ಮಾತೂ ಅಲ್ಲ. ಜಪಾನ್‌ನಲ್ಲಿ 2005-07ರಲ್ಲಿ ಇಂಥ ತಳಿಗಳು ಶೇಕಡಾ 40ರ ಆಸುಪಾಸು ಇದ್ದವು. ಅಲ್ಲಿ ಬಳಸುತ್ತಿದ್ದ ಲಸಿಕೆಗಳೂ, ಓಡಾಡುತ್ತಿದ್ದ ತಳಿಗಳೂ ಬದಲಾದ ಮುಂದಿನ ವರ್ಷಗಳಲ್ಲಿ ಅವು ಇಳಿದು, 2014-16ರ ಹೊತ್ತಿಗೆ ಶೇಕಡಾ 10ಕ್ಕಿಂತ ಕಡಿಮೆ ಆದವು. ಅಂದ್ರೆ ಇದು ಒಂದೇ ದಿಕ್ಕಿಗೆ ಓಡೋ ಗಾಡಿ ಅಲ್ಲ, ಹಿಂದಕ್ಕೂ ಬರುತ್ತೆ.

ಇನ್ನು ಸ್ವಲ್ಪ ಹಿಂದಕ್ಕೆ ಹೋಗೋಣ, ನೆದರ್ಲೆಂಡ್ಸ್‌ಗೆ. ಅಲ್ಲಿ 1953ರಿಂದ ಮಕ್ಕಳಿಗೆ ಹೋಲ್ ಸೆಲ್ ಲಸಿಕೆ ಕೊಡ್ತಿದ್ದರು. ಹಳೇ ಮಾದರಿಗಳನ್ನು ಜೋಪಾನವಾಗಿ ಇಟ್ಟಿದ್ದರಿಂದ, ಲಸಿಕೆಗೆ ಮುಂಚೆ ಏನಿತ್ತು, ಆಮೇಲೆ ಏನಾಯ್ತು ಅಂತ ಹೋಲಿಸೋಕೆ ಆಯ್ತು. ಲಸಿಕೆ ಬಂದ ನಂತರದ ವರ್ಷಗಳಲ್ಲಿ ಅಲ್ಲಿನ ಬ್ಯಾಕ್ಟೀರಿಯಾದ ವೈವಿಧ್ಯ ಕುಗ್ಗಿತು. ಮೊದಲಿದ್ದ ಹಲವು ಬಗೆಗಳು ಹಿಂದೆ ಸರಿದು ಕೆಲವೇ ಬಗೆಗಳು ಹರಡಿದವು. ಆಮೇಲೆ, ಲಸಿಕೆ ತಯಾರಿಸೋಕೆ ಬಳಸಿದ್ದ ಹಳೇ ತಳಿಗಳಿಗಿಂತ ಟಾಕ್ಸಿನ್‌ನಲ್ಲೂ ಪರ್ಟ್ಯಾಕ್ಟಿನ್‌ನಲ್ಲೂ ಸ್ವಲ್ಪ ಬೇರೆಯಾದ ತಳಿಗಳು ಜಾಗ ಹಿಡಿದವು. 1996ರಲ್ಲಿ, ಶೇಕಡಾ 96 ಮಕ್ಕಳಿಗೆ ಲಸಿಕೆ ಆಗಿದ್ದರೂ ಅಲ್ಲಿ ನಾಯಿಕೆಮ್ಮು ದೊಡ್ಡದಾಗಿ ಮರಳಿ ಬಂತು. ಫ್ರಿಟ್ಸ್ ಮೋಯಿ ಅನ್ನೋ ವಿಜ್ಞಾನಿಯ ತಂಡ ಇದರ ಬೆನ್ನು ಬಿತ್ತು. 1980ರ ದಶಕದ ಕೊನೆಯಿಂದ ಹರಡಿದ್ದ ಒಂದು ತಳಿ ಹಳೇದಕ್ಕಿಂತ ಹೆಚ್ಚು ಟಾಕ್ಸಿನ್ ತಯಾರಿಸುತ್ತೆ ಅಂತ ಅವರು ತೋರಿಸಿದರು. ಕಾಗದಗಳಲ್ಲಿ ಅದನ್ನು ಪಿಟಿಎಕ್ಸ್‌ಪಿ3 ಅಂತ ಕರೀತಾರೆ. ಈಗ ಪ್ರಪಂಚದ ಬಹುಪಾಲು ದೇಶಗಳಲ್ಲಿ ಅದರದ್ದೇ ರಾಜ್ಯ.

ಒಂದು ದೇಶದ ಕಥೆ ಸಾಲಲ್ಲ ಅಂತೀರಾ? 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 1920ರಿಂದ 2010ರವರೆಗೆ 19 ದೇಶಗಳಲ್ಲಿ ಸಂಗ್ರಹಿಸಿದ 343 ತಳಿಗಳ ಜೀನೋಮ್ ಓದಿದರು. ಎಸೆಲ್ಯುಲರ್ ಲಸಿಕೆಯಲ್ಲಿ ಬಳಸೋ ಪ್ರೋಟೀನ್‌ಗಳ ಜೀನ್‌ಗಳಲ್ಲಿ ಆಗಿರೋ ಬದಲಾವಣೆಗಳಲ್ಲಿ ಹೆಚ್ಚಿನವು ಲಸಿಕೆ ವ್ಯಾಪಕವಾದ ಕಾಲದಲ್ಲೇ ಹುಟ್ಟಿದ್ದವು. 2022ರಲ್ಲಿ ಇನ್ನೂ ದೊಡ್ಡ ಅಧ್ಯಯನ ಬಂತು: 23 ದೇಶ, 3,344 ಜೀನೋಮ್. ಒಂದು ದೇಶ ಹೋಲ್ ಸೆಲ್ ಬಿಟ್ಟು ಎಸೆಲ್ಯುಲರ್‌ಗೆ ಬದಲಾದ ಮೇಲೆ ಅಲ್ಲಿ ಯಾವ ತಳಿ ಗೆಲ್ಲುತ್ತೆ ಅನ್ನೋದೂ ಬದಲಾಗುತ್ತೆ ಅಂತ ಅದು ತೋರಿಸಿತು.

ಸರಿ, ಹಾಗಾದ್ರೆ ಚಿಕ್ಕಪ್ಪನ ಫಾರ್ವರ್ಡ್ ಗೆದ್ದ ಹಾಗಾಯ್ತಲ್ಲ? ಇಲ್ಲ. ಇಲ್ಲೇ ನಾವು ನಿಧಾನಿಸಬೇಕು.

ಮೊದಲನೇದು, ಲಸಿಕೆ ಬ್ಯಾಕ್ಟೀರಿಯಾವನ್ನು ಬದಲಾಯಿಸಲ್ಲ. ಬದಲಾವಣೆ ತಾನಾಗೇ ಆಗ್ತಾ ಇರುತ್ತೆ, ಲಸಿಕೆ ಯಾವುದು ಉಳಿಯಬೇಕು ಅನ್ನೋದನ್ನು ಆರಿಸುತ್ತೆ. ನನಗೆ ಅರ್ಥವಾದ ಹಾಗೆ ಹೇಳ್ತೀನಿ ಕೇಳಿ. ಒಂದು ರಸ್ತೆಯಲ್ಲಿ ನೂರು ಗೂಡಂಗಡಿ ಇದೆ. ತೊಂಬತ್ತೈದಕ್ಕೆ ನೀಲಿ ಟಾರ್ಪಾಲ್, ಐದಕ್ಕೆ ಕೆಂಪು. ನಗರಸಭೆಯವರು ಬಂದು ನೀಲಿ ಟಾರ್ಪಾಲ್ ಇರೋ ಅಂಗಡಿಗಳನ್ನೆಲ್ಲ ಎತ್ತಿಸ್ತಾರೆ. ಒಂದು ತಿಂಗಳು ಬಿಟ್ಟು ಹೋಗಿ ನೋಡಿದ್ರೆ ಏಳೆಂಟು ಅಂಗಡಿ ಇದೆ, ಎಲ್ಲ ಕೆಂಪು. ಯಾರೋ ಫೋಟೋ ತೆಗೆದು ಹಾಕ್ತಾರೆ: 'ನೋಡಿ, ನಗರಸಭೆ ಬಂದ ಮೇಲೆ ಶೇಕಡಾ 100 ಕೆಂಪು ಅಂಗಡಿ!' ಲೆಕ್ಕ ಸರಿ. ಆದ್ರೆ ನಗರಸಭೆಯವರು ಯಾರಿಗೂ ಕೆಂಪು ಟಾರ್ಪಾಲ್ ಹಂಚಲಿಲ್ಲ. ಮೊದಲು ನೂರು ಅಂಗಡಿ ಇತ್ತು ಅನ್ನೋದನ್ನ ಆ ಫೋಟೋ ಹೇಳಲ್ಲ.

ನಮ್ಮ ಫಾರ್ವರ್ಡ್ ಮಾಡಿದ್ದೂ ಅದನ್ನೇ. ಶೇಕಡಾವಾರು ಹೇಳಿತು, ಒಟ್ಟು ಎಷ್ಟು ಅಂತ ಹೇಳಲಿಲ್ಲ. ಬಿಕಾಂನಲ್ಲಿ ನಮಗೆ ಮೊದಲು ಕಲಿಸೋ ಎಚ್ಚರಿಕೆ ಇದು: ಶೇಕಡಾ ಎಷ್ಟು ಅಂತ ಕೇಳೋಕೆ ಮುಂಚೆ, ಎಷ್ಟರಲ್ಲಿ ಶೇಕಡಾ ಅಂತ ಕೇಳಿ. ಅಮೆರಿಕದಲ್ಲಿ ಇತ್ತೀಚಿನ ದಶಕಗಳಲ್ಲೇ ಅತಿ ಕೆಟ್ಟ ವರ್ಷಗಳಲ್ಲೊಂದು 2012. ಆ ವರ್ಷ 48,277 ಕೇಸ್ ದಾಖಲಾದವು. ಸಣ್ಣ ಸಂಖ್ಯೆ ಅಲ್ಲ. ಆದ್ರೆ ಲಸಿಕೆಗೆ ಮುಂಚಿನ ಅಮೆರಿಕದಲ್ಲಿ ಜನಸಂಖ್ಯೆ ಈಗಿನ ಅರ್ಧಕ್ಕಿಂತ ಕಡಿಮೆ ಇದ್ದರೂ, ವರ್ಷಕ್ಕೆ ಸುಮಾರು 2 ಲಕ್ಷ ಕೇಸ್ ಬರ್ತಿತ್ತು.

ಎರಡನೇದು, ಬದಲಾದ ಬ್ಯಾಕ್ಟೀರಿಯಾ ಮೇಲೂ ಲಸಿಕೆ ಕೆಲಸ ಮಾಡ್ತಿದೆಯಾ? ಅಕ್ಕನಿಗೆ ನಿಜಕ್ಕೂ ಬೇಕಿದ್ದ ಉತ್ತರ ಇದು. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಇದನ್ನೇ ನೋಡಿದರು. ಅಲ್ಲಿ ಓಡಾಡ್ತಿದ್ದ ತಳಿಗಳಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಪರ್ಟ್ಯಾಕ್ಟಿನ್ ಇಲ್ಲದವು. ಆದರೂ ನಾಲ್ಕರಿಂದ ಹತ್ತು ವರ್ಷದ ಮಕ್ಕಳಲ್ಲಿ ಲಸಿಕೆಯ ಪರಿಣಾಮ ಶೇಕಡಾ 84 ಇತ್ತು. ಹದಿಹರೆಯದವರಿಗೆ ಕೊಡೋ ಬೂಸ್ಟರ್ ಶೇಕಡಾ 70. ಮೀಸೆ ಬೋಳಿಸಿಕೊಂಡರೂ ಉಳಿದ ಗುರುತುಗಳಿಂದ ಕಳ್ಳ ಸಿಕ್ಕಿಬೀಳ್ತಾನೇ ಇದ್ದಾನೆ. ಮುಖ್ಯವಾಗಿ ಆ ವಿಷ, ಪರ್ಟುಸಿಸ್ ಟಾಕ್ಸಿನ್, ಇನ್ನೂ ಇದೆ, ಅದನ್ನು ಗುರುತು ಹಿಡಿಯೋಕೆ ಲಸಿಕೆ ಕಲಿಸುತ್ತೆ.

ಮೂರನೇದು, ಹಾಗಾದ್ರೆ ಕಾಯಿಲೆ ಯಾಕೆ ಮರಳಿ ಬರ್ತಿದೆ? ಬ್ಯಾಕ್ಟೀರಿಯಾ ಬದಲಾಗಿದ್ದು ಒಂದು ಕಾರಣ ಇರಬಹುದು, ಆದ್ರೆ ಅದಕ್ಕಿಂತ ಸ್ಪಷ್ಟವಾಗಿ ಕಾಣೋ ಕಾರಣ ಬೇರೆ ಇದೆ. ಎಸೆಲ್ಯುಲರ್ ಲಸಿಕೆಯ ರಕ್ಷಣೆ ಬೇಗ ಇಳಿಯುತ್ತೆ. ಕ್ಯಾಲಿಫೋರ್ನಿಯಾದಲ್ಲಿ 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಐದನೇ ಡೋಸ್ ಆದ ಮೇಲೆ ಪ್ರತಿ ವರ್ಷ ಕಾಯಿಲೆ ಬರೋ ಸಾಧ್ಯತೆ ಸರಾಸರಿ ಶೇಕಡಾ 42ರಷ್ಟು ಏರ್ತಾ ಹೋಗುತ್ತೆ. ಇನ್ನೊಂದು ಪ್ರಯೋಗ ಬಬೂನ್ ಕೋತಿಗಳ ಮೇಲೆ ನಡೀತು. ಎಸೆಲ್ಯುಲರ್ ಲಸಿಕೆ ಪಡೆದ ಕೋತಿಗಳಿಗೆ ಕಾಯಿಲೆ ಬರಲಿಲ್ಲ, ಆದ್ರೆ ಬ್ಯಾಕ್ಟೀರಿಯಾ ವಾರಗಟ್ಟಲೆ ಗಂಟಲಲ್ಲೇ ಉಳಿದು, ಜೊತೆಗಿದ್ದ ಕೋತಿಗೂ ಹರಡಿತು. ಹೋಲ್ ಸೆಲ್ ಪಡೆದವು ಅದನ್ನು ಬೇಗ ಹೊರಹಾಕಿದವು.

ಈಗ ನಮ್ಮ ಊರಿಗೆ ಬರೋಣ. ಭಾರತದ ಸರ್ಕಾರಿ ಲಸಿಕಾ ಕಾರ್ಯಕ್ರಮ ಹೋಲ್ ಸೆಲ್ ಬಿಟ್ಟೇ ಇಲ್ಲ. ಆರು, ಹತ್ತು, ಹದಿನಾಲ್ಕು ವಾರಕ್ಕೆ ಕೊಡೋ ಪೆಂಟಾವ್ಯಾಲೆಂಟ್‌ನಲ್ಲಿ ಗಂಟಲುಮಾರಿ, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ ಜೊತೆಗೆ ಇರೋ ನಾಯಿಕೆಮ್ಮಿನ ಭಾಗ ಹೋಲ್ ಸೆಲ್‌ದೇ. ಆಮೇಲೆ 16ರಿಂದ 24 ತಿಂಗಳ ಒಳಗೆ ಒಂದು, ಐದಾರು ವರ್ಷಕ್ಕೆ ಇನ್ನೊಂದು ಡಿಪಿಟಿ ಬೂಸ್ಟರ್. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಅಂಗನವಾಡಿಯಲ್ಲಿ ಪುಕ್ಕಟೆ ಸಿಗೋ ಈ ಇಂಜೆಕ್ಷನ್‌ನ ನಾವು ಎಷ್ಟೋ ಸಲ 'ಜ್ವರ ಬರೋ ಇಂಜೆಕ್ಷನ್' ಅಂತ ಕಡೆಗಣಿಸ್ತೀವಿ. ಆದ್ರೆ ಮಗುವಿಗೆ ಇಡೀ ಆಲ್ಬಮ್ ತೋರಿಸೋದು ಅದೇ. ಮೊದಲ ಡೋಸ್‌ಗಳಿಗೆ ಹೋಲ್ ಸೆಲ್ ಬಳಸ್ತಿರೋ ದೇಶಗಳು ಅದನ್ನೇ ಮುಂದುವರಿಸಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ.

ಹಾಗಂತ ಖಾಸಗಿಯಲ್ಲಿ ನೋವಿಲ್ಲದ ಇಂಜೆಕ್ಷನ್ ಹಾಕಿಸಿದೋರು ಗಾಬರಿ ಆಗಬೇಡಿ. ಅದೂ ಮಗುವನ್ನು ಕಾಪಾಡುತ್ತೆ, ವರ್ಮಾಂಟ್ ಲೆಕ್ಕ ಅದರದ್ದೇ. ಯಾವುದನ್ನು ಹಾಕಿಸಬೇಕು ಅಂತ ನಿಮ್ಮ ಮಕ್ಕಳ ಡಾಕ್ಟರ್ ಹತ್ತಿರ ಕೇಳಿ. ಆದ್ರೆ ದಿನ ಮುಂದೂಡಬೇಡಿ. ಆರು ವಾರದ್ದನ್ನು 'ಆಮೇಲೆ ನೋಡೋಣ' ಅಂದ್ರೆ, ಈ ಕಾಯಿಲೆಯಿಂದ ಹೆಚ್ಚು ಅಪಾಯ ಇರೋ ತಿಂಗಳುಗಳನ್ನೇ ಮಗು ರಕ್ಷಣೆ ಇಲ್ಲದೆ ಕಳೆಯುತ್ತೆ. ಆರು ವಾರಕ್ಕೂ ಮುಂಚಿನ ದಿನಗಳಿಗೆ ಬ್ರಿಟನ್ ಒಂದು ದಾರಿ ಹುಡುಕಿತು. 2012ರಿಂದ ಅಲ್ಲಿ ಗರ್ಭಿಣಿಯರಿಗೇ ನಾಯಿಕೆಮ್ಮಿನ ಲಸಿಕೆ ಕೊಡ್ತಾರೆ. ತಾಯಿಯ ರಕ್ಷಣೆ ಹೊಟ್ಟೆಯಲ್ಲಿರೋ ಮಗುವಿಗೂ ಹೋಗುತ್ತೆ. ಮೂರು ತಿಂಗಳೊಳಗಿನ ಕೂಸುಗಳಲ್ಲಿ ಇದರ ಪರಿಣಾಮ ಶೇಕಡಾ 90ರ ಆಸುಪಾಸು ಕಂಡುಬಂತು. ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ ಗರ್ಭಿಣಿಯರಿಗೆ ಕೊಡೋ ಟಿಡಿ ಇಂಜೆಕ್ಷನ್‌ನಲ್ಲಿ ನಾಯಿಕೆಮ್ಮಿನ ಭಾಗ ಇಲ್ಲ. ಅದು ಇರೋ ಟಿಡ್ಯಾಪ್ ಬೇಕಾ ಅಂತ ಡಾಕ್ಟರ್ ಹತ್ತಿರ ಕೇಳಬಹುದು.

ಇಷ್ಟನ್ನೂ ಆ ರಾತ್ರಿ ಅಕ್ಕನಿಗೆ ಒಂದು ಉದ್ದ ವಾಯ್ಸ್ ನೋಟ್ ಮಾಡಿ ಕಳಿಸಿದೆ. ಅವಳು ಪೂರ್ತಿ ಕೇಳಿದ್ಲೋ ಇಲ್ವೋ, ಉತ್ತರ ಒಂದೇ ಸಾಲು ಬಂತು: "ಸರಿ, ಹಾಕಿಸ್ತೀನಿ." ಗುರುವಾರ ತಾಯಿ ಕಾರ್ಡ್ ಹಿಡ್ಕೊಂಡು ಹೋಗಿ ಹಾಕಿಸಿಕೊಂಡು ಬಂದ್ರು. ರಾತ್ರಿ ಮಗುವಿಗೆ ಜ್ವರ ಬಂತು, ತೊಡೆ ಸ್ವಲ್ಪ ಊದಿತ್ತು. ನರ್ಸ್ ಹೇಳಿದ್ದ ಹಾಗೆ ಔಷಧಿ ಕೊಟ್ರು, ಮಾರನೇ ದಿನ ಸಂಜೆ ಹೊತ್ತಿಗೆ ಇಳೀತು.

ಆಮೇಲೆ ಗ್ರೂಪ್‌ನಲ್ಲೂ ಬರೆದೆ. ಚಿಕ್ಕಪ್ಪನಿಗೆ ಬೇಜಾರಾಗಬಾರದು ಅಂತ, "ನೀವು ಹಾಕಿದ್ದರಲ್ಲಿ ಮೊದಲ ಮಾತು ಸರಿ ಇದೆ ಚಿಕ್ಕಪ್ಪ, ಕೊನೆಯ ಮಾತು ಮಾತ್ರ ಸರಿ ಇಲ್ಲ" ಅಂತ ಶುರು ಮಾಡಿದೆ. ಎರಡು ದಿನ ಏನೂ ಉತ್ತರ ಇಲ್ಲ. ಮೂರನೇ ದಿನ ಅವರೇ ಫೋನ್ ಮಾಡಿದ್ರು. "ಅಲ್ಲಪ್ಪ, ದೊಡ್ಡವರಿಂದಾನೂ ಮಗುವಿಗೆ ಬರುತ್ತೆ ಅಂದ್ಯಲ್ಲ, ನನಗೆ ಹದಿನೈದು ದಿನದಿಂದ ಕೆಮ್ಮು ಇದೆ. ಭಾನುವಾರ ಮಗು ನೋಡೋಕೆ ಬರ್ಬೇಕು ಅಂತಿದ್ದೆ, ಬರಬಹುದಾ?"

"ಮೊದಲು ಡಾಕ್ಟರ್‌ಗೆ ತೋರಿಸಿ ಚಿಕ್ಕಪ್ಪ, ಆಮೇಲೆ ಬನ್ನಿ" ಅಂದೆ. ತೋರಿಸಿದ್ರು. ಭಾನುವಾರ ಬರಲಿಲ್ಲ, ಕೆಮ್ಮು ಪೂರ್ತಿ ಹೋದ ಮೇಲೆ ಬಂದ್ರು.

ನಿಮ್ಮ ಮನೆ ಗ್ರೂಪ್‌ಗೂ ಇಂಥ ಅರ್ಧ ನಿಜದ ಫಾರ್ವರ್ಡ್ ಬಂದಿದ್ರೆ ನನಗೆ ಕಳಿಸಿ, ಒಟ್ಟಿಗೆ ಬಿಡಿಸೋಣ. ಮನೆಯಲ್ಲಿ ಚಿಕ್ಕ ಮಕ್ಕಳಿದ್ರೆ ಇವತ್ತೇ ತಾಯಿ ಕಾರ್ಡ್ ತೆಗೆದು ಮುಂದಿನ ಇಂಜೆಕ್ಷನ್ ತಾರೀಖು ಯಾವುದು ನೋಡಿ. ಮುಂದಿನ ವಾರ ಸಿಗೋಣ, ನಮಸ್ಕಾರ.